ಅಗಲದ ಕೌದಿ

ಮೊನ್ನೆ ಟ್ರಂಕಿನಿಂದ ಹಳೆಯ ಕೌದಿ ತೆಗೆದು ಬಿಸಿಲಿಗೆ ಹರವಿದೆ. ಒಣಗಿದ ಬೇವಿನೆಲೆಯ ವಾಸನೆ ಮೂಗಿಗೆ ಬಡಿಯಿತು. ಅಂಚಿಗೆ ಹಚ್ಚಿದ ಕೆಂಪು ರುಮಾಲಿನ ಪಟ್ಟಿಯ ಹೊಲಿಗೆ ಒಂದು ಕಡೆ ಬಿಚ್ಚಿತ್ತು. ಅದನ್ನು ನೋಡುತ್ತಲೇ ಮಗ್ಗುಲ ಮನೆಯ ಅಕ್ಕ ನೆನಪಾದಳು...

ನಾನು ಮದುವೆಯಾಗಿ ವಿಜಾಪುರಕ್ಕೆ ಬಂದಾಗ ಯುದ್ಧ ನಡೆದಿತ್ತು, ಅರಿವೆಗೂ ಕಂಟ್ರೋಲು, ಕಾರ್ಡಿನ ಮೇಲೆ ಇಷ್ಟೇ ಬಟ್ಟೆ. ಅಕ್ಕ ಜೈನಾಪುರದ ಬಡವರ ಮನೆಯವಳು. ಆಕೆಯ ಯಜಮಾನರದು ಕಾಳಿನ ಅಂಗಡಿ. ಮೊದಲ ಹೆಂಡತಿ ತೊಟ್ಟಿಲ ಕೂಸು ಬಿಟ್ಟು ತೀರಿಕೊಂಡಿದ್ದಳು. ಕೂಸಿಗೊಬ್ಬಳು ಬೇಕಿತ್ತು, ಇವಳಿಗೊಂದು ನೆಲೆ ಬೇಕಿತ್ತು. ಅಷ್ಟಕ್ಕೇ ಅಕ್ಕಿಕಾಳು ಬಿದ್ದು ಮದುವೆಯಾಯಿತು. "ನಾ ಕೂಸಿನ ಸಲುವಾಗಿ ಬಂದಾಕಿ" ಎಂದು ಆಕೆಯೇ ಹೇಳುತ್ತಿದ್ದಳು. ಅವರು ಪಡಸಾಲೆಯಲ್ಲಿ ಮಲಗಿದರೆ ಇವಳು ಕೂಸಿನ ಜೊತೆ ಒಳಗೆ. ಮೂರು ವರ್ಷ ಹಾಗೇ ಕಳೆಯಿತು.

ಆಮೇಲೆ ತಿಕೋಟಾದಿಂದ ಕೂಸಿನ ಅಜ್ಜಿ ಬಂದು, ತೀರಿದ ಮಗಳ ಕುಡಿ ತನ್ನ ಬಳಿಯೇ ಇರಲಿ ಎಂದು ಕರೆದೊಯ್ದಳು. ಮನೆ ಬಿಕೋ ಎಂದಿತು. ಯಜಮಾನರು ನ್ಯಾಯದ ಮನುಷ್ಯ. "ಇನ್ನ ನಿನ್ನ ಹಿಡಿದಿಡೂದು ಸರಿಯಲ್ಲ. ತವರಿಗೆ ಹೋಗ್ತಿದ್ರ ಸೋಮವಾರ ಗಾಡಿ ಕಟ್ಟಸ್ತೀನಿ" ಎಂದರಂತೆ. ಅಂಥ ನ್ಯಾಯಕ್ಕಿಷ್ಟು ಬೆಂಕಿ ಹಾಕಬೇಕು ಎನ್ನಿಸಿತು ನನಗೆ. ಅವರು ಅಂಗಡಿಯಿಂದ ಬರುವ ಹೊತ್ತಾದರೆ ಬಿಸಿ ರೊಟ್ಟಿ ಬಡಿಯಲು ಅಕ್ಕ ನನ್ನ ಮಾತನ್ನು ಅರ್ಧಕ್ಕೇ ಬಿಟ್ಟು ಓಡುತ್ತಿದ್ದಳು. ಆಕೆಯ ಮನಸ್ಸು ಎಲ್ಲಿದೆಯೆಂದು ಓಣಿಗೆಲ್ಲ ಗೊತ್ತಿತ್ತು, ಅವರೊಬ್ಬರನ್ನು ಬಿಟ್ಟು. ಅಕ್ಕ ಮಾತ್ರ "ಕೂಸಿಗೆ ಕಳಸೂ ಕೌದಿ ಮುಗಿಸಿ ಹೋಗ್ತೀನ್ರಿ" ಎಂದಳಂತೆ.

ಭಾನುವಾರ ನಾವಿಬ್ಬರೂ ಹೊಲಿಯುತ್ತ ಕುಳಿತಿದ್ದೆವು. ಅಂಗಡಿಗೆ ಹೊರಟ ಯಜಮಾನರು ಬಾಗಿಲಲ್ಲಿ ನಿಂತರು.

"ಮುಗೀತೇನು?"

"ಅರಿವಿ ತೀರಿತ್ರಿ. ಕೂಸಿಗೆ ಇಷ್ಟ ಸಾಕು" ಎಂದಳು ಅಕ್ಕ, ತಲೆ ಎತ್ತದೆ.

ಅವರು ತಲೆಗೆ ಸುತ್ತಿದ ಕೆಂಪು ರುಮಾಲು ಬಿಚ್ಚಿ ಆಕೆಯ ಮಡಿಲಿಗೆ ಹಾಕಿದರು. "ಇದನ್ನೂ ಹಚ್ಚು. ಇಬ್ಬರಿಗೆ ಆಗೂವಷ್ಟು ಅಗಲ ಮಾಡು" ಎಂದವರೇ, ನನ್ನ ಕಡೆ ನೋಡದೆ ಬರಿತಲೆಯಲ್ಲಿ ಬಜಾರಿನತ್ತ ನಡೆದುಬಿಟ್ಟರು.

ಆಗೆಲ್ಲ ನಮ್ಮ ಕಡೆ ಗಂಡಸು ಬರಿತಲೆಯಲ್ಲಿ ಓಣಿ ದಾಟಿದನೆಂದರೆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ತುಸು ಹೊತ್ತಿನಲ್ಲೇ ಓಣಿಯ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಬಂದರು. ಒಳಗೆ ಅಕ್ಕ ರುಮಾಲು ಅಪ್ಪಿಕೊಂಡು ಅಳುತ್ತಿದ್ದಳು. ಬಂದವರಿಗೆ ಇನ್ನೇನು ಬೇಕು. "ಯಾರು ತೀರಿಕೊಂಡ್ರಬೇ ಯವ್ವಾ?" ಎಂದು ಹಿರಿಯಳೊಬ್ಬಳು ಕೇಳಿದಳು.

"ಯಾರೂ ಇಲ್ರಿ. ಸೋಮವಾರದ ಗಾಡಿ ಬ್ಯಾಡಾತು, ಅಷ್ಟ" ಎಂದೆ ನಾನು.

ಕೂಸಿಗೆ ನನ್ನ ಹಳೆಯ ಸೀರೆ ಹರಿದು ಬೇರೆ ಕೌದಿ ಹೊಲಿದು ಕಳಿಸಿದೆವು. ಇದನ್ನು ಅವರಿಬ್ಬರೂ ಎಷ್ಟೋ ವರ್ಷ ಹೊದ್ದರು.

ಒಂದು ಚಳಿಗಾಲ ಅಕ್ಕ ಜ್ವರ ಬಂದು ತೀರಿಕೊಂಡಳು. ಯಜಮಾನರು ಮತ್ತೊಮ್ಮೆ ಬರಿತಲೆಯಲ್ಲಿ ಓಣಿಗಿಳಿದರು. ಆ ಸಲ ಯಾರೂ ಏನೂ ಕೇಳಲಿಲ್ಲ... ದಿನಕರ್ಮ ಮುಗಿದ ಮೇಲೆ ಈ ಕೌದಿ ತಂದು ನನ್ನ ಕೈಗಿಟ್ಟರು. "ನೀನ ಇಟ್ಕೊ ತಂಗಿ. ನನಗಿದು ಈಗ ಭಾಳ ಅಗಲ ಆಗ್ತೈತಿ" ಎಂದರು.

ಈಗ ಅವರೂ ಇಲ್ಲ. ಬಿಚ್ಚಿದ ಹೊಲಿಗೆ ಹಾಕೋಣವೆಂದು ಸೂಜಿ ಹಿಡಿದು ಕುಳಿತೆ. ದಾರ ಪೋಣಿಸಲು ಕಣ್ಣು ಸಾಲದು. ಅಕ್ಕ ಇದ್ದಿದ್ದರೆ ಕಸಿದುಕೊಂಡು ತಾನೇ ಪೋಣಿಸಿ ಕೊಡುತ್ತಿದ್ದಳು.