ಒಂದೂವರೆ ಸೆಂಟಿಮೀಟರಿನ ಮದುವೆ

ತಾವರೆಕೆರೆಯ ನೀರುಗಂಟಿ ಗಂಗಹನುಮಯ್ಯನಿಗೆ ಉಪಚಾರ ಮಾಡಿದ ಜನರನ್ನು ನೆನೆದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಆ ಜನರಲ್ಲಿ ನಾನೂ ಒಬ್ಬ.

ಮೂವತ್ತು ವರ್ಷ ಊರಿಗೆ ನೀರು ಬಿಟ್ಟ ಮನುಷ್ಯ. ವಾಲ್ವ್ ತಿರುಗಿಸಿ ಮನೆಗೆ ಹೋಗುವ ಪೈಕಿಯಲ್ಲ. ಬೀದಿಯ ಕೊನೇ ಮನೆಯ ಕೊಡ ತುಂಬುವವರೆಗೆ ಅಲ್ಲೇ ಬೀಡಿ ಸೇದುತ್ತಾ ನಿಂತಿರುತ್ತಿದ್ದ. ಹೋದ ವರ್ಷ ಹೊಟ್ಟೆನೋವೆಂದು ತುಮಕೂರಿಗೆ ಹೋದಾಗ ಸ್ಕ್ಯಾನಿಂಗಿನಲ್ಲಿ ಎಡ ಕಿಡ್ನಿಯಲ್ಲೊಂದು ಗಡ್ಡೆ ಕಂಡಿತು, ಒಂದೂವರೆ ಸೆಂಟಿಮೀಟರಿನದು. ಜೊತೆಗೆ ಹೋಗಿದ್ದವನು ನಾನೇ, ಅವನ ಮಗಳು ಸ್ಪಂದನಾಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದ ಮೇಷ್ಟ್ರು. ಡಾಕ್ಟರಮ್ಮ ಬಿಡಿಸಿ ಹೇಳಿದರು: ಗಡ್ಡೆ ಸಣ್ಣದು, ಇಂಥವು ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುತ್ತವೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದೀರಿ, ಈಗ ಆಪರೇಷನ್ನಿನ ಅಪಾಯವೇ ಹೆಚ್ಚು. ಆರು ತಿಂಗಳಿಗೊಮ್ಮೆ ಅಳೆಯೋಣ, ಬೆಳೆದರೆ ಆಗ ಕೊಯ್ಯೋಣ. ಗಂಗಹನುಮಯ್ಯನಿಗೆ ಇದು ಸಲೀಸಾಗಿ ಅರ್ಥವಾಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ನಿದ್ದೆ ಹೊಡೆದ.

ಊರಿಗೆ ಅರ್ಥವಾಗಲಿಲ್ಲ. ನಮ್ಮ ಕಡೆ ಡಾಕ್ಟರು ಕೊಯ್ಯದೆ ಮನೆಗೆ ಕಳಿಸಿದರೆ ಒಂದೇ ಅರ್ಥ: ಕೈಬಿಟ್ಟರು, ಇನ್ನು ಬಾಯಿಗೆ ರುಚಿಯಾದದ್ದು ಮಾಡಿಹಾಕಿ. ಮರುದಿನದಿಂದಲೇ ಶುರುವಾಯಿತು. ಒಬ್ಬರು ಕೋಳಿಸಾರು ತಂದರು, ಇನ್ನೊಬ್ಬರು ಹೋಳಿಗೆ. ತಿನ್ನುವವನ ಮುಖವನ್ನೇ ನೋಡುತ್ತಾ ಕೂರುವುದು, ಹೊರಗೆ ಬಂದು ಇನ್ನೆಷ್ಟು ದಿನವೋ ಎಂದು ಲೊಚಗುಟ್ಟುವುದು. ಥೂ.

ಅವನ ಅಣ್ಣ ಸಣ್ಣರಂಗಯ್ಯ ಇನ್ನೂ ಮುಂದೆ ಹೋದ. ತಮ್ಮನು ಕಣ್ಣು ಮುಚ್ಚುವುದರೊಳಗೆ ಮಗಳನ್ನು ಧಾರೆ ಎರೆದು ಕೊಡಲಿ ಎಂದು ಕೊರಟಗೆರೆ ಕಡೆಯ ಗಂಡೊಂದನ್ನು ಹಿಡಿದು ತಂದ. ಸ್ಪಂದನಾಳ ಬಿ.ಎಡ್. ಕೊನೇ ಪರೀಕ್ಷೆಗೆ ಇನ್ನು ನಾಲ್ಕೇ ತಿಂಗಳಿತ್ತು. ಡಾಕ್ಟರೇ ಕಾಯೋಣ ಅಂದಿದ್ದಾರೆ, ನಿಮಗೇನು ಅವಸರ ಎಂದು ನಾನು ಒಂದೇ ಒಂದು ಸಲ ಕೇಳಿದೆ.

“ನಿಮ್ ಮಗ್ಳಾಗಿದ್ರೆ ಇಂಗೇ ಸುಮ್ಕಿರ್ತಿದ್ರಾ ಮೇಷ್ಟ್ರೇ?” ಎಂದ ಸಣ್ಣರಂಗಯ್ಯ.

ನಾನು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೊರಟೆ. ಅಷ್ಟು ಹೊತ್ತಿಗೆ ಗಂಗಹನುಮಯ್ಯನೂ ಹೋಳಿಗೆ ತಿಂದು ತಿಂದು ತಾನು ಸಾಯುತ್ತೇನೆಂದೇ ನಂಬಿದ್ದ. ಅಪ್ಪನ ಕಣ್ಣೀರು ನೋಡಿ ಹುಡುಗಿ ಹೂಂ ಅಂದಳು. ಗಂಡನ ಮನೆಯವರು ಓದಿದ್ದು ಸಾಕು ಎಂದರು. ಪುಸ್ತಕಗಳು ಅಟ್ಟ ಸೇರಿದವು. ಮದುವೆಯಲ್ಲಿ ನಾನು ಪಾಯಸವನ್ನು ಎರಡು ಸಲ ಬಡಿಸಿಕೊಂಡೆ.

ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಆಯಿತು. ಗಡ್ಡೆ ಒಂದು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ. ಸಣ್ಣರಂಗಯ್ಯ ನಾಚಿಕೆಪಡುತ್ತಾನೆ ಅಂದುಕೊಂಡಿದ್ದೆ. ಅವನು ಜಗುಲಿಯ ಮೇಲೆ ಕೂತು, ಧಾರೆ ಎರೆದ ಪುಣ್ಯವೇ ತಮ್ಮನನ್ನು ಉಳಿಸಿತು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಎದ್ದು ಹೋಗೋಣ ಅನ್ನಿಸಿತು.

ಅಪ್ಪನನ್ನು ನೋಡಲು ಬಂದಿದ್ದ ಸ್ಪಂದನಾ ರಿಪೋರ್ಟನ್ನು ಎರಡು ಸಲ ಓದಿದಳು.

“ಅಷ್ಟೇ ಐತಾ ಅಪ್ಪಯ್ಯ?”

“ಅಷ್ಟೇ ಐತೆ ಕಣವ್ವ.”

ಅವಳು ಹಾಳೆಯನ್ನು ಮಡಚಿ ಅವನ ಕೈಗೆ ಕೊಟ್ಟಳು.

“ಗಡ್ಡೆಗೆ ಆರು ತಿಂಗ್ಳು ಟೈಮ್ ಕೊಟ್ರಿ,” ಅಂದಳು. “ನಂಗೆ ನಾಕು ತಿಂಗ್ಳು ಕೊಡ್ಲಿಲ್ಲ.”