ಷಡ್ಡಕನ ಟ್ರ್ಯಾಕ್ಟರ್ ಬ್ಯಾಟರಿ

ಹೊನ್ನಾಳಿಯಲ್ಲಿ ರೇಡಿಯೋ ರಿಪೇರಿ ಮಾಡುವ ನನ್ನ ಮನೆಗೇ ಟೀವಿ ಬಂದಿರಲಿಲ್ಲ. ನ್ಯಾಮತಿಯ ಷಡ್ಡಕ ತಂದುಬಿಟ್ಟಿದ್ದ. ಹೆಂಡತಿ ಹಟ ಹಿಡಿದು ನನ್ನನ್ನೂ ಎಳೆದುಕೊಂಡು ಹೋದಳು.

ಸಂಜೆ ಸಿನಿಮಾ ಶುರುವಾಗುತ್ತಲೇ ಕರೆಂಟು ಹೋಯಿತು. ಒಳಗೊಳಗೇ ಖುಷಿಪಟ್ಟೆ. ಆ ಪುಣ್ಯಾತ್ಮ ಟ್ರ್ಯಾಕ್ಟರಿನ ಬ್ಯಾಟರಿಯನ್ನೇ ಬಿಚ್ಚಿ ತಂದು ಟೀವಿಗೆ ಜೋಡಿಸಿದ. ಸಾಲದ್ದಕ್ಕೆ ಬೀದಿಗೆಲ್ಲ ಕಾಣಲಿ ಅಂತ ಬಾಗಿಲಿಗೊಂದು ಹೆಡ್‌ಲೈಟ್ ಬಲ್ಬು.

"ಎಷ್ಟೊತ್ತು ಬರ್ತೈತ್ರೀ?" ಎಂದು ಕೇಳಿದ.

"ಹಳೇ ಬ್ಯಾಟರಿ. ಎರಡೂ ಹಚ್ಚಿದ್ರೆ ಅರ್ಧ ಸಿನಿಮಾ," ಎಂದೆ. ಅದು ಲೆಕ್ಕಕ್ಕಿಂತ ಹೆಚ್ಚಾಗಿ ನನ್ನ ಆಸೆ.

ಸಿನಿಮಾ ಪೂರ್ತಿ ಮುಗಿಯಿತು. "ನಿಮ್ಮ ಲೆಕ್ಕ ಹಿಂಗೇನ್ರೀ?" ಎಂದು ಹೆಂಡತಿ ಎಲ್ಲರೆದುರು ನಕ್ಕಳು.

ಬೆಳಿಗ್ಗೆ ಅದೇ ಬ್ಯಾಟರಿಯನ್ನು ವಾಪಸ್ ಕೂರಿಸಿದರೆ ಟ್ರ್ಯಾಕ್ಟರ್ ಸ್ಟಾರ್ಟ್ ಆಗಲಿಲ್ಲ. ತಳ್ಳಲು ಎಲ್ಲರಿಗಿಂತ ಮೊದಲು ಓಡಿದವನು ನಾನೇ. ಷಡ್ಡಕನ ಕೆಲಸಕ್ಕೆ ಅಷ್ಟು ಸಂತೋಷದಿಂದ ಯಾವತ್ತೂ ಹೆಗಲು ಕೊಟ್ಟಿಲ್ಲ.