ಕ್ಲಿಫ್ ಬೇಡವೆಂದ ಒಂದು ಕೈ

ಗ್ಲೆನಿಸ್ ಹೋಲ್ರಾಯ್ಡ್ ಮೂವತ್ತೆರಡು ವರ್ಷ ಕಾಲ್ಡರ್‌ಬ್ರಿಗ್ ಟೌನ್ ಫುಟ್‌ಬಾಲ್ ಕ್ಲಬ್ಬಿನ ಆಟಗಾರರ ಬಟ್ಟೆ ಒಗೆದವಳು. ಯಾರ ಅಂಗಿಗೆ ಕೆಸರು ಮೆತ್ತಿದೆ, ಯಾರದ್ದು ಇಸ್ತ್ರಿ ಕೆಡದೆ ವಾಪಸು ಬಂದಿದೆ ಎಂದು ನೋಡಿಯೇ ಆಟ ಹೇಗಾಯಿತೆಂದು ಹೇಳುತ್ತಿದ್ದಳು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಆ ಊರಿಗೆ ಉಳಿದದ್ದು ಮಳೆ ಮತ್ತು ಕ್ಲಬ್ಬು. ಈಗ ಕ್ಲಬ್ಬೂ ಲೀಗ್ ಪಟ್ಟಿಯ ತಳ ಮುಟ್ಟಿತ್ತು. ಒಂಬತ್ತು ಪಂದ್ಯ ಸಾಲಾಗಿ ಸೋತ ಮೇಲೆ ಶುಕ್ರವಾರ ಮ್ಯಾನೇಜರನನ್ನು ಮನೆಗೆ ಕಳಿಸಿದರು. ಅಭಿಮಾನಿಗಳ ಸಂಘ ಒಂದು ಹೆಸರು ಕೊಟ್ಟರೆ ಅವರನ್ನೇ ತರುತ್ತೇವೆ ಎಂದು ಮಾಲೀಕರು ಮಾತು ಕೊಟ್ಟಿದ್ದರು. ಭಾನುವಾರ ಮಧ್ಯಾಹ್ನ ಕ್ಲಬ್ಬಿನ ಬಾರಿನಲ್ಲಿ ಅದಕ್ಕಾಗಿಯೇ ಸಭೆ.

ಗ್ಲೆನಿಸ್ ಆ ಸಂಘದ ಕಾರ್ಯದರ್ಶಿ. ಯಾವ ಹೆಸರು ಬರುವುದೆಂದು ಅವಳಿಗೆ ಗೊತ್ತಿತ್ತು. ಅವಳ ತಮ್ಮ ಕ್ಲಿಫ್‌ನದು.

"ಕ್ಲಿಫ್ ಬಿಟ್ರೆ ಇನ್ಯಾರಯ್ಯ?" ಕ್ಷೌರದಂಗಡಿಯ ನೆವಿಲ್ ಬಿಯರಿನ ಲೋಟವನ್ನು ಮೇಜಿಗೆ ಕುಕ್ಕಿದ. "ಎಂಬತ್ತಾರರಲ್ಲಿ ಮೂಗು ಮುರ್ಕೊಂಡು, ರಕ್ತ ಸೋರಿಸ್ಕೊಂಡು, ತಲೇಲಿ ಗೋಲ್ ಹೊಡ್ದು ಈ ಕ್ಲಬ್ ಉಳಿಸಿದ್ದು ಯಾರು?"

"ಅದು ಎಂಬತ್ತಾರು ನೆವಿಲ್," ಎಂದ ಟ್ಯಾಕ್ಸಿ ಓಡಿಸುವ ತಾರಿಕ್. "ಸ್ಕಾಟ್ಲೆಂಡಿನ ಆ ಬುಕಾನನ್‌ನ ಕರೆಸೋಣ. ಕೈಲಿ ಕಾಸಿಲ್ದೆ ತಂಡ ಕಟ್ಟಿದಾನೆ."

"ಅವನಾ? ಕಂಪ್ಯೂಟರ್ ನೋಡ್ಕೊಂಡು ಆಡಿಸ್ತಾನಂತೆ. ನಮ್ಮೋರಿಗೆ ಚೆಂಡು ನೋಡೋಕೇ ಬರಲ್ಲ, ಇನ್ನು ಕಂಪ್ಯೂಟರ್!"

ಎಲ್ಲರೂ ನಕ್ಕರು. ತಾರಿಕ್ ನಗಲಿಲ್ಲ. "ಏನಾದ್ರೂ ಆಗ್ಲಿ, ಕ್ಲಿಫ್ ಬೇಡ."

"ಯಾಕೆ ಬೇಡ? ಕಾರಣ ಹೇಳು."

"ಬೇಡ ಅಷ್ಟೆ."

"ಚಿಕ್ಕೋನಿದ್ದಾಗ ಅವನ ಹೆಗಲ ಮೇಲೆ ಕೂತು ಫೋಟೋ ತೆಗೆಸ್ಕೊಂಡೋನು ನೀನೇ ಅಲ್ವೇನೋ? ಉಂಡ ಮನೆ ಜಂತೆ ಎಣಿಸ್ತೀಯಾ?"

ತಾರಿಕ್ ಒಮ್ಮೆ ಗ್ಲೆನಿಸಳತ್ತ ನೋಡಿ ತಲೆ ತಗ್ಗಿಸಿದ. ತಮ್ಮನನ್ನು ಆರಿಸುವುದು ಬೇಡವೆಂದು ತಾನೇ ಹೇಳಬೇಕೆಂದು ಬಂದವಳಿಗೆ, ಬೇರೆಯವನ ಬಾಯಲ್ಲಿ ಅದೇ ಮಾತು ಕೇಳಿದಾಗ ರಕ್ತ ಕುದಿಯಿತು.

ಕ್ಲಿಫ್‌ಗೆ ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿ ಐದು ತಿಂಗಳಾಗಿತ್ತು. ಇಪ್ಪತ್ತು ವರ್ಷ ತಲೆಯಲ್ಲಿ ಚೆಂಡು ಹೊಡೆದದ್ದೇ ಕಾರಣವಿರಬಹುದು ಎಂದಿದ್ದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನು ಅಕ್ಕನ ಎರಡೂ ಕೈ ಹಿಡಿದುಕೊಂಡಿದ್ದ. "ಯಾರಿಗೂ ಹೇಳ್ಬೇಡ ಗ್ಲೆನ್. ಅಯ್ಯೋ ಪಾಪ ಅನ್ನಿಸ್ಕೊಂಡು ಈ ಊರಲ್ಲಿ ಇರಲಾರೆ." ಅವಳು ಮಾತು ಕೊಟ್ಟಿದ್ದಳು.

ಅಷ್ಟರಲ್ಲಿ ಕ್ಲಿಫ್‌ನೇ ಬಂದ. ಟೈ ಕಟ್ಟಿದ್ದ, ಶೂ ಮಿರುಗುತ್ತಿತ್ತು. ಚಪ್ಪಾಳೆ ನಿಲ್ಲಲೇ ಇಲ್ಲ. ಸೊಗಸಾಗಿ ಮಾತಾಡಿದ, ಬೆವರು ಸುರಿಸದವನಿಗೆ ನಮ್ಮ ಅಂಗಿ ಇಲ್ಲ ಎಂದ. ಕೊನೆಗೆ ಯಾರೋ, "ಗೋಲು ಕಾಯೋಕೆ ಯಾರನ್ನ ನಿಲ್ಲಿಸ್ತೀಯ?" ಎಂದು ಕೇಳಿದರು.

"ನಮ್ಮ ಬೆನ್ನೀನೇ," ಎಂದ ಕ್ಲಿಫ್ ತಟ್ಟನೆ.

ಕ್ಲಿಫ್ ಕಾಲದ ಗೋಲ್‌ಕೀಪರ್ ಬೆನ್ನಿಯನ್ನು ಮಣ್ಣು ಮಾಡಿ ಹನ್ನೊಂದು ವರ್ಷವಾಗಿತ್ತು. ತಮಾಷೆಯೆಂದುಕೊಂಡು ಸಭೆಯೆಲ್ಲ ಘೊಳ್ಳೆಂದಿತು. ಕ್ಲಿಫ್ ಸುತ್ತಲಿನ ಮುಖಗಳನ್ನು ನೋಡಿ, ಒಂದು ಗಳಿಗೆ ತಡವಾಗಿ ತಾನೂ ನಕ್ಕ.

ಕೈ ಎತ್ತಿಸಿದಾಗ ಕ್ಲಿಫ್ ಪರ ನಲವತ್ತೊಂದು, ವಿರುದ್ಧ ಒಂದು. ಬರೆದುಕೊಳ್ಳುತ್ತಿದ್ದ ಗ್ಲೆನಿಸ್ ಯಾವ ಕಡೆಗೂ ಕೈ ಎತ್ತಲಿಲ್ಲ.

ಹೊರಗೆ ತಾರಿಕ್ ಟ್ಯಾಕ್ಸಿಗೆ ಒರಗಿ ಕಾಯುತ್ತಿದ್ದ. ಅವಳು ಮುಖ ತಿರುಗಿಸಿ ನಡೆದಳು.

"ಆಂಟಿ, ಒಂದ್ನಿಮಿಷ. ಮೂರು ಸಲ ನಿಮ್ಮ ತಮ್ಮನ್ನ ಹಳೇ ಗಿರಣಿ ಹತ್ರ ಕಂಡೆ. ಅಮ್ಮನ ಮನೆಗೆ ಕರ್ಕೊಂಡು ಹೋಗು ಅಂತಾರೆ. ಸುಮ್ನೆ ಊರೆಲ್ಲ ಒಂದು ಸುತ್ತು ಹಾಕ್ಸಿ ಅವರ ಮನೇಲಿ ಬಿಡ್ತೀನಿ."

ಅಮ್ಮನ ಮನೆ ಇದ್ದ ಬೀದಿಯನ್ನೇ ಕೆಡವಿ ಎಷ್ಟೋ ಕಾಲವಾಗಿತ್ತು. ಗ್ಲೆನಿಸ್ ಟ್ಯಾಕ್ಸಿಯ ಬಾಗಿಲು ತೆರೆದು ಕುಳಿತುಬಿಟ್ಟಳು. "ಒಳಗೆ ಯಾಕೋ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ಅವರು ಕ್ಲಿಫ್ ಅಲ್ವಾ?"

ಇಬ್ಬರೂ ನೇರ ಕ್ಲಿಫ್‌ನ ಮನೆಗೆ ಹೋದರು. ಅವನು ಅಡುಗೆಮನೆಯ ಮೇಜಿನ ಮುಂದೆ ಹಾಳೆಯೊಂದರಲ್ಲಿ ತಂಡದ ಹನ್ನೊಂದು ಹೆಸರು ಬರೆಯುತ್ತ ಕುಳಿತಿದ್ದ. ಗ್ಲೆನಿಸ್ ವಿಷಯ ಎತ್ತಿದ್ದೇ ತಡ ಸಿಡಿದೆದ್ದ. "ಜನ್ಮದಲ್ಲಿ ಒಂದ್ಸಲ ಕ್ಲಬ್ಬೇ ನನ್ನ ಕೇಳ್ಕೊಂಡು ಬಂದಿದೆ! ಒಡಹುಟ್ಟಿದೋಳು ನೀನೇ ಕಾಲು ಎಳೀತೀಯಾ?"

ಅವಳು ಹಾಳೆಯನ್ನು ಅವನತ್ತ ಸರಿಸಿದಳು. ಕ್ಲಿಫ್ ಬಹಳ ಹೊತ್ತು ಓದಿದ.

"ಇದ್ರಲ್ಲಿ ಎಷ್ಟು ಜನ ಬದುಕಿದ್ದಾರೆ?"

"ಏಳು."

"ಈಗ ಆಡ್ತಿರೋರು?"

"ಇಬ್ರು, ಕ್ಲಿಫ್."

ಅವನು ಟೈ ಸಡಿಲಿಸಿದ. "ಮಾಲೀಕರಿಗೆ ನೀನೇ ಬರಿ. ನನಗೆ ಮನಸ್ಸಿಲ್ಲ ಅಂತ ಬರಿ. ಕಾಯಿಲೆ ಅಂತ ಮಾತ್ರ ಬರೀಬೇಡ."

ಹಾಗೇ ಬರೆದಳು. ಊರು ಉರಿದುಬಿದ್ದಿತು. ಹಡಗು ಮುಳುಗುವಾಗ ಇಳಿದು ಓಡಿದ ಎಂದು ನೆವಿಲ್ ಗಿರಾಕಿಗಳಿಗೆಲ್ಲ ಹೇಳಿ, ಅಂಗಡಿಯ ಗೋಡೆಯಿಂದ ಕ್ಲಿಫ್‌ನ ಚಿತ್ರ ಕಿತ್ತ. ದಿನಸಿ ಅಂಗಡಿಯಲ್ಲಿ ಜನ ಗ್ಲೆನಿಸಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಬುಕಾನನ್ ಬಂದ, ಹೆಣಗಿದ, ನಾಲ್ಕು ಪಂದ್ಯ ಗೆದ್ದ. ಮೇ ತಿಂಗಳಲ್ಲಿ ಕ್ಲಬ್ಬು ಕೆಳಗಿನ ದರ್ಜೆಗೆ ಬಿದ್ದೇ ಬಿದ್ದಿತು.

ಆ ಕೊನೆಯ ಪಂದ್ಯಕ್ಕೆ ಕ್ಲಿಫ್ ಅಕ್ಕ ಮತ್ತು ತಾರಿಕ್ ನಡುವೆ ಕುಳಿತಿದ್ದ. ಎದುರಾಳಿಗಳು ಎರಡನೇ ಗೋಲು ಹೊಡೆದಾಗ ಹಿಂದಿನ ಸಾಲಿನಿಂದ ಕೂಗು ಬಂತು: "ಹೇಡಿ! ಎಲ್ಲಾ ನಿನ್ನಿಂದಾನೇ ಕಣೋ!"

"ಯಾರಿಗೆ ಬೈತಿದ್ದಾರೆ ಗ್ಲೆನ್?"

"ಮ್ಯಾನೇಜರ್‌ಗೆ."

"ಪಾಪ," ಎಂದ ಕ್ಲಿಫ್. "ಅವನ ಕಷ್ಟ ಅವನಿಗೆ."

ತಾರಿಕ್ ಹಲ್ಲು ಕಚ್ಚಿ ಎದ್ದು ಹಿಂದಕ್ಕೆ ತಿರುಗಿದ. ಗ್ಲೆನಿಸ್ ತಮ್ಮನ ಬೆನ್ನ ಹಿಂದಿನಿಂದ ಕೈ ಚಾಚಿ ತಾರಿಕ್‌ನ ಕೋಟಿನ ತೋಳು ಹಿಡಿದಳು. ಅವನು ಕೂರುವವರೆಗೂ ಬಿಡಲಿಲ್ಲ.